ಆ ಬಿಳಿ ಕಾಳು ಕುಲಾಂತರಿ ಅಲ್ಲ. ಹಾಗಾದರೆ ಕುಲಾಂತರಿ ಅಕ್ಕಿ ಎಲ್ಲಿದೆ?

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರ ತಾಲ್ಲೂಕು. ನಾಲೆ ಬಯಲಿನಲ್ಲಿ ಎರಡು ಎಕರೆ ಗದ್ದೆ ಇದೆ. ರೇಷನ್ ಅಕ್ಕಿಯಲ್ಲಿ ಬೇರೆ ಥರದ ಬಿಳಿ ಕಾಳು ಸಿಗುತ್ತಿದ್ದವು. ಅದು ಪ್ಲಾಸ್ಟಿಕ್ ಅಂತ ನಮ್ಮತ್ತೆ ಆರಿಸಿ ಬಿಸಾಡುತ್ತಿದ್ದರು. ಪಿಯುಸಿ ಓದುವ ಮಗ ಅದು ಕುಲಾಂತರಿ ಅಕ್ಕಿ ಅನ್ನುತ್ತಾನೆ. ಹದಿಮೂರು ವರ್ಷದ ಮಗಳಿಗೆ ಹಿಮೋಗ್ಲೋಬಿನ್ 9.2 ಬಂದಿದೆ. ವಿಟಮಿನ್, ಕಬ್ಬಿಣ ತುಂಬಿದ ಹೊಸ ಭತ್ತದ ತಳಿ ಬಂದಿವೆ ಅಂತ ಕೇಳಿದ್ದೇವೆ. ಅವನ್ನು ತಿನ್ನಬಹುದಾ? ನಾವೇ ಬೆಳೆಯಬಹುದಾ? ತಿಂದರೆ ಮಗಳಿಗೆ ರಕ್ತ ಬರುತ್ತದಾ?

ಉತ್ತರ: ಮೊದಲು ಮಗಳ ವಿಷಯ. ಅವಳ ವಯಸ್ಸಿಗೆ ಹಿಮೋಗ್ಲೋಬಿನ್ 12 ಇರಬೇಕು. 9.2 ಅಂದರೆ ಮಧ್ಯಮ ಮಟ್ಟದ ರಕ್ತಹೀನತೆ. ಯಾವ ಅಕ್ಕಿ, ಯಾವ ಸೊಪ್ಪು ಎಂದು ಯೋಚಿಸುತ್ತಾ ಕೂರುವ ಹಂತ ಇದಲ್ಲ. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ. ಆದರೆ ಈ ಉತ್ತರದಲ್ಲಿ ನೀವು ಒಂದೇ ಸಾಲು ಓದುವುದಾದರೆ ಇದನ್ನು ಓದಿ ಎಂದು ಮೊದಲೇ ಬರೆದಿದ್ದೇನೆ.

ಇನ್ನು ಆ ಬಿಳಿ ಕಾಳು. ಅದು ಪ್ಲಾಸ್ಟಿಕ್ ಅಲ್ಲ, ಬೇರೆ ಕುಲದ ಗುಣ ಸೇರಿಸಿ ಮಾಡಿದ ಕುಲಾಂತರಿಯೂ ಅಲ್ಲ. ಒತ್ತು ಶಾವಿಗೆ ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಹೆಚ್ಚುಕಡಿಮೆ ಅದೇ ಕೆಲಸ. ಅಕ್ಕಿಯನ್ನು ಹಿಟ್ಟು ಮಾಡುತ್ತಾರೆ. ಅದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಬೆರೆಸುತ್ತಾರೆ. ನೀರು ಹಾಕಿ ನಾದಿ, ಯಂತ್ರದ ಅಚ್ಚಿನಲ್ಲಿ ಒತ್ತಿ, ಅಕ್ಕಿ ಕಾಳಿನಷ್ಟೇ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಇಂಥ ಒಂದು ಕೆಜಿ ಕಾಳನ್ನು ನೂರು ಕೆಜಿ ಮಾಮೂಲಿ ಅಕ್ಕಿಗೆ ಸೇರಿಸುತ್ತಾರೆ. ಸರ್ಕಾರದ ಭಾಷೆಯಲ್ಲಿ ಇದಕ್ಕೆ ಸಾರವರ್ಧಿತ ಅಕ್ಕಿ ಅಂತ ಹೆಸರು. ಹಿಟ್ಟಿನಿಂದ ಒತ್ತಿದ್ದರಿಂದ ಬಣ್ಣ ಸ್ವಲ್ಪ ಬೇರೆ, ಕೆಲವು ಕಾಳು ನೀರಲ್ಲಿ ತೇಲುತ್ತವೆ. ನಿಮ್ಮ ಅತ್ತೆಗೆ ಅನುಮಾನ ಬಂದಿದ್ದರಲ್ಲಿ ತಪ್ಪೇನಿಲ್ಲ. ಇಡೀ ಆಯಸ್ಸು ಅಕ್ಕಿ ಕೇರಿದ ಕೈ ಅದು. ಬೇರೆ ಥರದ ಕಾಳು ಕಂಡರೆ ಆ ಕೈ ನಿಲ್ಲಲೇಬೇಕು. ಅದೇನು ಎಂದು ಅವರಿಗೆ ಮೊದಲೇ ಹೇಳಬೇಕಾಗಿತ್ತು, ಯಾರೂ ಹೇಳಲಿಲ್ಲ. ಅಂಥ ನಾಲ್ಕು ಕಾಳು ತೆಗೆದು ಒಲೆಯ ಕೆಂಡದ ಮೇಲೆ ಹಾಕಿ ತೋರಿಸಿ. ಪ್ಲಾಸ್ಟಿಕ್ ಆದರೆ ಕರಗಿ ಅಂಟಾಗುತ್ತದೆ. ಇದು ಅಕ್ಕಿಯ ಹಾಗೆಯೇ ಸೀದು ಕರಕಲಾಗುತ್ತದೆ.

ಅವರು ಬಿಸಾಡುತ್ತಿದ್ದದ್ದು ಎಷ್ಟು ಗೊತ್ತಾ? ಸಾರವರ್ಧಿತ ಅಕ್ಕಿಯ ಒಂದು ಕೆಜಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಎಂಬುದು ನಿಯಮ. ಮಗಳು ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ತಿಂದರೆ 8ರಿಂದ 13 ಮಿಲಿಗ್ರಾಂ ಕಬ್ಬಿಣ ಆಯಿತು. ಅವಳಿಗೆ ದಿನಕ್ಕೆ ಬೇಕಾದದ್ದು ಸುಮಾರು 30. ಕಾಳು ಆರಿಸಿ ತೆಗೆದರೆ ಆ ಪಾಲು ಪೂರ್ತಿ ಹೋಯಿತು, ಯಾಕೆಂದರೆ ಸೇರಿಸಿದ ಕಬ್ಬಿಣವೆಲ್ಲ ಆ ಒಂದೊಂದು ಕಾಳಿನಲ್ಲೇ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ತಿನ್ನಲಿ. ಅಂಥವರ ದೇಹದಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಸೇರಿಕೊಂಡಿರುತ್ತದೆ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ತಪ್ಪಾದರೂ ಸುಮ್ನೆ ಹೇಳಿದ್ದಲ್ಲ. ಪೋಷಕಾಂಶಕ್ಕಾಗಿಯೇ ಭತ್ತದ ಕುಲ ಬದಲಿಸುವ ಕೆಲಸ ಜಗತ್ತಿನಲ್ಲಿ ಮೂವತ್ತು ವರ್ಷದಿಂದ ನಡೆದಿದೆ. ಗಿರಣಿಯಲ್ಲಿ ಬೆರೆಸುವುದು ಒಂದು ದಾರಿ. ಗಿಡವೇ ತನ್ನ ಕಾಳಿನಲ್ಲಿ ಆ ಪೋಷಕಾಂಶ ತುಂಬಿಕೊಳ್ಳುವ ಹಾಗೆ ತಳಿ ಮಾಡುವುದು ಇನ್ನೊಂದು. ತಳಿ ಮಾಡುವುದರಲ್ಲೂ ಎರಡು ಬಗೆ ಇದೆ: ಹಳೇ ಕಾಲದ ಸಂಕರ ಮತ್ತು ಈಗಿನ ಕುಲಾಂತರ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ನಾನು ಧಾನ್ಯಗಳ ಪೋಷಕಾಂಶದ ಮೇಲೆ ಕೆಲಸ ಮಾಡಿಕೊಂಡು ಬಂದವಳು. ಇದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ಮದುವೆಯ ಮಾತನ್ನೇ ಬಳಸುತ್ತಿದ್ದೆ. ನಮಗೆ ಬೇಕಾದ ಗುಣ ಆ ಬೆಳೆಯ ನೆಂಟರಿಷ್ಟರಲ್ಲಿ ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕಬೇಕು. ಇದ್ದರೆ ಸಂಬಂಧ ಮಾಡಿಸಿದರೆ ಸಾಕು. ಎಷ್ಟೇ ದೂರದ ನೆಂಟರಾಗಲಿ, ಅದು ಸಂಕರ. ಇಡೀ ಬಳಗದಲ್ಲಿ ಎಲ್ಲೂ ಇಲ್ಲ ಅಂದಾಗ ಮಾತ್ರ ಬೇರೆ ಕುಲದಿಂದ ಒಂದು ಗುಣ ತರುವ ಪ್ರಶ್ನೆ ಬರುತ್ತದೆ. ಕುಲಾಂತರಿ ಎಂಬ ಹೆಸರಿನಲ್ಲೇ ಅರ್ಥ ಇದೆ, ಅಲ್ವಾ?

ದೂರದ ಸಂಬಂಧದ ಕಥೆ ನಿಮ್ಮ ಜಿಲ್ಲೆಯದೇ ಇದೆ. ಕೃಷಿ ಸಂಶೋಧನೆ ನಡೆಯುವ ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದರು. ರಾಗಿ ಹೂವು ಎಷ್ಟು ಚಿಕ್ಕದು ಎಂದು ತೆನೆ ಮುಟ್ಟಿದವರಿಗೆಲ್ಲ ಗೊತ್ತು. ಅದು ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುವ ಹೂವು. ಅಂಥದ್ದರಲ್ಲಿ ಕೈಯಿಂದ ಸಂಕರ ಮಾಡಿ ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ನಿಮ್ಮ ಮಾವನವರ ಕಾಲದಲ್ಲಿ ಹೊಲದಲ್ಲಿ ಇಂಡಾಫ್ ಬೆಳೆದಿರಬಹುದು, ಕೇಳಿ ನೋಡಿ. ಖಂಡ ದಾಟಿ ಬಂದರೂ ಅದು ಕುಲಾಂತರಿ ಅಲ್ಲ. ಎರಡೂ ರಾಗಿಯೇ.

ಈ ದಾರಿಯಲ್ಲೇ ನಿಮ್ಮ ಗದ್ದೆಗೆ ಆಗುವಂಥದ್ದು ಒಂದಿದೆ. ಸತು, ಅಂದರೆ ಜಿಂಕ್, ಜಾಸ್ತಿ ಇರುವ ಭತ್ತ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ತೆಗೆದ ಡಿಆರ್‌ಆರ್ ಧಾನ್ 45 ಎಂಬ ತಳಿ 2016ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಶಿಫಾರಸು ಆದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಮಾಮೂಲಿ ಪಾಲಿಶ್ ಅಕ್ಕಿಯಲ್ಲಿ ಕೆಜಿಗೆ 12ರಿಂದ 16 ಮಿಲಿಗ್ರಾಂ ಸತು ಇದ್ದರೆ ಇದರಲ್ಲಿ 22.6 ಇರುತ್ತದೆ. 125ರಿಂದ 130 ದಿನದ ಬೆಳೆ. ಇಳುವರಿ ಹೆಕ್ಟೇರಿಗೆ ಸರಾಸರಿ 50 ಕ್ವಿಂಟಲ್. ಇದಕ್ಕೆ ಬೇರೆ ಕುಲದ ಜೀನ್, ಅಂದರೆ ಗುಣ ಹೊತ್ತು ತರುವ ತುಣುಕು, ಸೇರಿಸಿಲ್ಲ. ಭತ್ತದ ಬಳಗದಲ್ಲೇ ಸತು ಜಾಸ್ತಿ ಎಳೆದುಕೊಳ್ಳುವ ತಳಿಗಳು ಇದ್ದವು, ಅವನ್ನು ಸಂಕರದಲ್ಲಿ ಬಳಸಿದರು ಅಷ್ಟೇ. ಹಾಗಾಗಿ ನೀವು ಬೆಳೆಯಬಹುದು, ಬೀಜ ಇಟ್ಟುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಬಿತ್ತನೆ ಬೀಜದ ಬಗ್ಗೆ ವಿ.ಸಿ. ಫಾರಂನಲ್ಲಿ ಅಥವಾ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿ. ಒಂದು ಮಾತು ನೆನಪಿರಲಿ: ಸತು ಮಕ್ಕಳ ಬೆಳವಣಿಗೆಗೆ, ರೋಗ ತಡೆಯುವ ಶಕ್ತಿಗೆ ಬೇಕು. ಮಗಳ ಹಿಮೋಗ್ಲೋಬಿನ್ ಅದರಿಂದ ಏರುವುದಿಲ್ಲ.

ಸತುವಿನಲ್ಲಿ ಆದದ್ದು ಕಬ್ಬಿಣದಲ್ಲಿ ಯಾಕೆ ಆಗಲಿಲ್ಲ? ನನ್ನ ಮಟ್ಟಿಗೆ ಈ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಭತ್ತದಲ್ಲಿ ಸತು ಕಾಳಿನ ಒಳಗೂ ಹೋಗಿ ಸೇರುತ್ತದೆ. ಕಬ್ಬಿಣ ಹಾಗಲ್ಲ. ಅದು ಹೆಚ್ಚಾಗಿ ಹೊರಗಿನ ಪದರದಲ್ಲೇ ನಿಲ್ಲುತ್ತದೆ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಆ ಪದರ ತೌಡಾಗಿ ಹೋಗುತ್ತದೆ. ತೌಡು ಎಲ್ಲಿಗೆ ಹೋಗುತ್ತದೆ? ಎಮ್ಮೆಯ ಬಾನಿಗೆ. ಅಂದರೆ ಅಕ್ಕಿಯ ಕಬ್ಬಿಣ ಎಮ್ಮೆ ತಿನ್ನುತ್ತಿದೆ, ಬಿಳಿ ಅನ್ನ ಮಗಳು ತಿನ್ನುತ್ತಿದ್ದಾಳೆ. ಸಂಕರದಿಂದ ಕಬ್ಬಿಣ ಎಷ್ಟು ಏರಿಸಿದರೂ ಅದು ತೌಡಿಗೇ ಸೇರಿದರೆ ಪ್ರಯೋಜನವಿಲ್ಲ.

ಅದಕ್ಕೇ ವಿಜ್ಞಾನಿಗಳು ಕುಲಾಂತರದ ಕಡೆ ತಿರುಗಿದರು. ಐಆರ್ 64 ನಿಮಗೆ ಗೊತ್ತಿರುವ ಭತ್ತವೇ. ಅದಕ್ಕೆ ಎರಡು ಜೀನ್ ಸೇರಿಸಿದರು. ಒಂದು ಭತ್ತದ್ದೇ ಜೀನ್. ಗಿಡ ಮಣ್ಣಿನಿಂದ ಕಬ್ಬಿಣ, ಸತು ಎಳೆದು ಕಾಳಿನವರೆಗೆ ಸಾಗಿಸಲು ಅದು ನೆರವಾಗುತ್ತದೆ. ಇನ್ನೊಂದು ಸೋಯಾ ಅವರೆಯದು. ಅದು ಫೆರಿಟಿನ್ ಎಂಬ ಪ್ರೋಟೀನ್ ಮಾಡಿಸುತ್ತದೆ. ಫೆರಿಟಿನ್ ಅಂದರೆ ಕಬ್ಬಿಣದ ಕಣಜ ಎನ್ನಬಹುದು. ಫಿಲಿಪ್ಪೀನ್ಸ್ ಮತ್ತು ಕೊಲಂಬಿಯಾದ ಗದ್ದೆಗಳಲ್ಲಿ ಬೆಳೆದು ನೋಡಿದರು. ಪಾಲಿಶ್ ಮಾಡಿದ ಮೇಲೂ ಕೆಜಿಗೆ 15 ಮಿಲಿಗ್ರಾಂ ಕಬ್ಬಿಣ, 45 ಮಿಲಿಗ್ರಾಂಗೂ ಜಾಸ್ತಿ ಸತು ಸಿಕ್ಕಿತು. ಈ ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ನಾನು ಅದನ್ನು ಓದಿದ ದಿನ ನಿಜಕ್ಕೂ ಖುಷಿಪಟ್ಟೆ. ಮಾಮೂಲಿ ಅಕ್ಕಿಗೆ ಹೋಲಿಸಿದರೆ ಇದು ದೊಡ್ಡ ಜಿಗಿತ.

ಆದರೂ ಲೆಕ್ಕ ಹಾಕಿ ನೋಡಿ. 300 ಗ್ರಾಂ ಅಕ್ಕಿಗೆ ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ ಆಗುತ್ತದೆ. ನಿಮ್ಮತ್ತೆ ಆರಿಸಿ ಬಿಸಾಡುವ ಕಾಳಿನಲ್ಲಿ ಅದರ ಎರಡರಷ್ಟು ಇದೆ. ಹಾಗಂತ ಕುಲಾಂತರ ವ್ಯರ್ಥ ಅನ್ನುವಂತಿಲ್ಲ. ಬೆರೆಸುವ ಕಾಳಿಗೆ ಪ್ರತಿ ವರ್ಷ ಕಾರ್ಖಾನೆ ಬೇಕು, ಟೆಂಡರ್ ಬೇಕು, ಸರಿಯಾಗಿ ಬೆರೆಸಿದ್ದಾರಾ ಅಂತ ಯಾರೋ ಪರೀಕ್ಷೆ ಮಾಡಬೇಕು. ಬೀಜದಲ್ಲೇ ಬಂದ ಗುಣ ಬಿತ್ತಿದಷ್ಟು ಸಲವೂ ಬರುತ್ತದೆ. ರೇಷನ್ ಅಂಗಡಿ ಇಲ್ಲದ ಕಡೆಗೂ ಹೋಗುತ್ತದೆ. ಎರಡಕ್ಕೂ ಅದರದರ ಬಲ ಇದೆ.

ಇನ್ನು ನೀವು ಕೇಳಿರುವ ವಿಟಮಿನ್ ಭತ್ತ. ಅದು ಗೋಲ್ಡನ್ ರೈಸ್ ಇರಬೇಕು. ಸ್ವಿಟ್ಜರ್ಲೆಂಡಿನ ಇಂಗೊ ಪೊಟ್ರಿಕುಸ್ ಮತ್ತು ಜರ್ಮನಿಯ ಪೀಟರ್ ಬೇಯರ್ ಇದನ್ನು ಮಾಡಿದವರು. 2000ದಲ್ಲಿ ಅದು ಪ್ರಕಟವಾಯಿತು. ಭತ್ತದ ಎಲೆಯಲ್ಲಿ ಬೀಟಾ ಕ್ಯಾರೊಟಿನ್ ಇದೆ. ನಮ್ಮ ದೇಹ ಅದನ್ನೇ ಎ ವಿಟಮಿನ್ ಮಾಡಿಕೊಳ್ಳುವುದು. ಆದರೆ ನಾವು ತಿನ್ನುವ ಕಾಳಿನಲ್ಲಿ ಅದು ಇಲ್ಲ. ಜಗತ್ತಿನ ಸಾವಿರಾರು ಭತ್ತದ ತಳಿ ಹುಡುಕಿದರೂ ಒಳಗಿನ ಅಕ್ಕಿ ಹಳದಿ ಇರುವ ಒಂದು ತಳಿ ಸಿಗಲಿಲ್ಲ. ಬಳಗದಲ್ಲೇ ಇಲ್ಲದ ಗುಣ ಅಂದರೆ ಇದು.

ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸಿಕೊಳ್ಳಿ. ನಾಲೆಯಲ್ಲಿ ನೀರು ಇದೆ, ಗದ್ದೆಯ ಬದುವಿನ ತನಕ ಬಂದಿದೆ, ಆದರೆ ನಡುವೆ ಎರಡು ತೂಬು ಮುಚ್ಚಿವೆ. ಭತ್ತದ ಕಾಳಿನ ಒಳಗೂ ಹಾಗೇ. ಬೀಟಾ ಕ್ಯಾರೊಟಿನ್ ಮಾಡಲು ಬೇಕಾದ ಮೂಲವಸ್ತು ಅಲ್ಲಿ ಇದೆ. ಮುಂದಿನ ಹಂತಗಳು ನಡೆಯುವುದಿಲ್ಲ. ಆ ಎರಡು ತೂಬು ತೆರೆಯುವುದಕ್ಕೆ ಒಂದು ಜೀನನ್ನು ಡ್ಯಾಫೊಡಿಲ್ ಹೂವಿನಿಂದ, ಇನ್ನೊಂದನ್ನು ಮಣ್ಣಿನಲ್ಲಿರುವಂಥ ಒಂದು ಬ್ಯಾಕ್ಟೀರಿಯಾದಿಂದ ತಂದರು. ಮೊದಲ ತಳಿಯಲ್ಲಿ ಆ ಥರದ ಹಳದಿ ಅಂಶವೆಲ್ಲ ಸೇರಿ ಗ್ರಾಂಗೆ 1.6 ಮೈಕ್ರೊಗ್ರಾಂ ಮಾತ್ರ ಬಂತು. ತೀರಾ ಕಮ್ಮಿ. 2005ರಲ್ಲಿ ಹೂವಿನ ಜೀನ್ ಬಿಟ್ಟು ಮುಸುಕಿನ ಜೋಳದ ಜೀನ್ ಹಾಕಿದರು. ಆಗ ಗ್ರಾಂಗೆ 37ರ ತನಕ ಏರಿತು.

ಪತ್ರಿಕೆಗಳಲ್ಲಿ ಬಂದ ಕಥೆ ಇಲ್ಲಿಗೇ ಮುಗಿಯುತ್ತದೆ. ಹೊಲಕ್ಕೆ ಇಳಿದಾಗಿನ ಕಷ್ಟ ಯಾರೂ ಹೇಳುವುದಿಲ್ಲ. ನಮ್ಮ ದೆಹಲಿಯ ವಿಜ್ಞಾನಿಗಳು ಆ ಗುಣವನ್ನು ಸ್ವರ್ಣಾ ಭತ್ತಕ್ಕೆ ತಂದರು. ಅಕ್ಕಿ ಹಳದಿಯಾಯಿತು. ಗಿಡ ಮಾತ್ರ ಕುಳ್ಳಾಗಿ, ಪೊದೆಯಾಗಿ, ಬಿಳಿಚಿಕೊಂಡು ಬೆಳೆಯಿತು. ಹೊರಗಿನ ಜೀನ್ ಹೋಗಿ ಕೂತ ಜಾಗದಲ್ಲಿ ಗಿಡದ ಬೆಳವಣಿಗೆಗೆ ಬೇಕಾದ ಭತ್ತದ್ದೇ ಒಂದು ಜೀನ್ ಇತ್ತು. ಅದು ಕೆಟ್ಟಿತ್ತು. 2017ರಲ್ಲಿ ಅವರು ಇದನ್ನು ಬಿಚ್ಚಿಟ್ಟು ಬರೆದರು. ನನಗೆ ಅವರ ಮೇಲೆ ತುಂಬಾ ಗೌರವ. ಆಗಲಿಲ್ಲ ಎಂಬುದನ್ನು, ಯಾಕೆ ಆಗಲಿಲ್ಲ ಎಂಬುದನ್ನು ಹೇಳುವವರಿಂದಲೇ ವಿಜ್ಞಾನ ಮುಂದೆ ಹೋಗುವುದು. ಬೇರೆ ಜಾಗದಲ್ಲಿ ಜೀನ್ ಕೂತಿರುವ ಇನ್ನೊಂದು ಗೋಲ್ಡನ್ ರೈಸ್ ತಳಿಯನ್ನು ಫಿಲಿಪ್ಪೀನ್ಸ್ 2021ರಲ್ಲಿ ರೈತರಿಗೆ ಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ನ್ಯಾಯಾಲಯ ಅದನ್ನೂ ತಡೆಯಿತು.

ಈ ಅಕ್ಕಿಯ ಕಥೆಯಲ್ಲಿ ನನ್ನನ್ನು ನೋಯಿಸಿದ ಒಂದು ಘಟನೆ ಇದೆ. ಚೀನಾದಲ್ಲಿ ಮಕ್ಕಳಿಗೆ ಗೋಲ್ಡನ್ ರೈಸ್ ತಿನ್ನಿಸಿ, ಎಷ್ಟು ಎ ವಿಟಮಿನ್ ಆಗುತ್ತದೆ ಎಂದು ಅಳೆದರು. ಫಲಿತಾಂಶ ಚೆನ್ನಾಗಿತ್ತು, 2012ರಲ್ಲಿ ಪ್ರಕಟವೂ ಆಯಿತು. ಆದರೆ ತಂದೆತಾಯಿಗಳಿಗೆ ಇದು ಕುಲಾಂತರಿ ಅಕ್ಕಿ ಎಂದು ಸರಿಯಾಗಿ ಹೇಳಿರಲಿಲ್ಲ. 2015ರಲ್ಲಿ ಆ ಲೇಖನವನ್ನು ಪತ್ರಿಕೆ ಹಿಂದಕ್ಕೆ ಪಡೆಯಿತು. ಮಗುವಿನ ತಟ್ಟೆಗೆ ಏನು ಬೀಳುತ್ತಿದೆ ಎಂದು ತಾಯಿಗೆ ಹೇಳದೆ ಮಾಡುವ ಯಾವ ಒಳ್ಳೆಯ ಕೆಲಸವನ್ನೂ ನಾನು ಒಪ್ಪುವುದಿಲ್ಲ. ನಿಮ್ಮತ್ತೆಯ ಮೊರದ ಮುಂದೆಯೂ ಆದದ್ದು ಸ್ವಲ್ಪ ಮಟ್ಟಿಗೆ ಇದೇ ತಪ್ಪು.

ಕುಲಾಂತರಿ ತಿಂದರೆ ಅಪಾಯವಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಜೀನ್ ಅಂದರೇ ವಿಷ ಅಲ್ಲ. ನಾವು ತಿನ್ನುವ ಪ್ರತಿ ತುತ್ತಿನಲ್ಲೂ ಕೋಟಿಗಟ್ಟಲೆ ಜೀನ್ ಇವೆ, ಜೀರ್ಣವಾಗಿ ಹೋಗುತ್ತವೆ. ನೋಡಬೇಕಾದದ್ದು ಆ ಜೀನ್ ಮಾಡಿಸುವ ಹೊಸ ಪ್ರೋಟೀನ್ ಯಾವುದು ಎಂಬುದನ್ನು. ತೊಂಬತ್ತರ ದಶಕದಲ್ಲಿ ಅಮೆರಿಕದ ಒಂದು ಬೀಜ ಕಂಪನಿ ಸೋಯಾ ಅವರೆಯ ಪ್ರೋಟೀನ್ ಗುಣ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಬೀಜದ ಜೀನ್ ಹಾಕಿತು. ಪೋಷಕಾಂಶಕ್ಕಾಗಿಯೇ ಮಾಡಿದ ಕೆಲಸ. ಆ ಬೀಜ ಕೆಲವರಿಗೆ ಅಲರ್ಜಿ ಅಂತ ಗೊತ್ತಿತ್ತು. ಅಂಥವರ ರಕ್ತದ ಜೊತೆ ಪರೀಕ್ಷೆ ಮಾಡಿದಾಗ ಅಲರ್ಜಿ ಗುಣವೂ ಸೋಯಾಗೆ ಬಂದಿರುವುದು ಗೊತ್ತಾಯಿತು. 1996ರಲ್ಲಿ ಅದು ಪ್ರಕಟವಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಅಪಾಯ ಸಾಧ್ಯ, ಪರೀಕ್ಷೆ ಮಾಡಿದರೆ ಅದು ಸಿಕ್ಕಿಬೀಳುತ್ತದೆ ಎಂದು ಎರಡನ್ನೂ ಈ ಒಂದು ಘಟನೆಯಿಂದ ನಾನು ಕಲಿತೆ. ಹಾಗಾಗಿ ಎಲ್ಲ ಕುಲಾಂತರಿಯೂ ಒಳ್ಳೆಯದು, ಎಲ್ಲವೂ ಕೆಟ್ಟದ್ದು ಎಂಬ ಎರಡೂ ಮಾತು ನನಗೆ ಒಪ್ಪಿಗೆ ಇಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಕೆಲವನ್ನು ನೋಡಿದರೆ ಇಷ್ಟು ಶ್ರಮ ಬೇಕಿತ್ತಾ ಅನ್ನಿಸುತ್ತದೆ. ದಂಟಿನ ಜಾತಿಯ ರಾಜಗಿರಿ ಗಿಡದ ಜೀನ್ ತೆಗೆದು ನಮ್ಮ ದೇಶದ ವಿಜ್ಞಾನಿಗಳು ಆಲೂಗೆಡ್ಡೆಗೆ ಹಾಕಿದರು. ಪ್ರೋಟೀನ್ ಶೇ. 60ರವರೆಗೆ ಏರಿತು. ಕೇಳಲು ದೊಡ್ಡದು. ಆದರೆ ಆಲೂಗೆಡ್ಡೆಯಲ್ಲಿ ಇರುವ ಪ್ರೋಟೀನೇ ಶೇ. 2ರಷ್ಟು. ಅದು 3ರ ಹತ್ತಿರಕ್ಕೆ ಬರುತ್ತದೆ. ವಿಜ್ಞಾನವಾಗಿ ಒಳ್ಳೆಯ ಕೆಲಸ, ನಿಜ. ಒಂದು ಸೌಟು ಅವರೆಕಾಳಿನ ಸಾರು ಇರುವ ಮನೆಗೆ ಅದರ ಅಗತ್ಯವಿಲ್ಲ. ಬಾಳೆಹಣ್ಣಿನ ಕೆಲಸದ ಬಗ್ಗೆ ನನಗೆ ಹೆಚ್ಚು ಆಸೆ. ಆಸ್ಟ್ರೇಲಿಯಾದ ಜೇಮ್ಸ್ ಡೇಲ್ ಅವರ ತಂಡ ಕಿತ್ತಳೆ ಬಣ್ಣದ ತಿರುಳಿನ ಒಂದು ಬಾಳೆಯ ಜೀನನ್ನೇ ಇನ್ನೊಂದು ಬಾಳೆಗೆ ಹಾಕಿ ಬೀಟಾ ಕ್ಯಾರೊಟಿನ್ ಏರಿಸಿತು. ಗುಣ ಬಳಗದಲ್ಲೇ ಇತ್ತು. ಆದರೆ ನಾವು ತಿನ್ನುವ ಬಾಳೆಗೆ ಬೀಜವೇ ಇಲ್ಲ, ಕಂದಿನಿಂದ ಬೆಳೆಯುತ್ತೇವೆ. ಬೀಜ ಇಲ್ಲದ ಮೇಲೆ ಸಂಕರ ಮಾಡುವುದು ಹೇಗೆ? ನಂಜನಗೂಡು ರಸಬಾಳೆ ಬೆಳೆಯುವವರಿಗೆ ಈ ಕಷ್ಟ ತಕ್ಷಣ ಅರ್ಥವಾಗುತ್ತದೆ. ಇಂಥ ಕಡೆ ಕುಲಾಂತರಕ್ಕೆ ನಿಜವಾದ ಕಾರಣ ಇದೆ.

ನೀವು ಬೆಳೆಯಬಹುದಾ ಎಂಬುದಕ್ಕೆ ಉತ್ತರ ಸುಲಭ. ಕುಲಾಂತರಿ ಭತ್ತವನ್ನು ಬೆಳೆಯುವಂತಿಲ್ಲ. ನಮ್ಮ ದೇಶದ ರೈತರು ಕಾನೂನುಬದ್ಧವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. 2002ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಚ್.ಡಿ. ಕೋಟೆ ಕಡೆಯ ಹತ್ತಿ ಹೊಲಗಳಲ್ಲಿ ಅದನ್ನು ನೋಡಬಹುದು. ಅದಕ್ಕೂ ಮುಂಚೆ 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘ ಪ್ರಯೋಗದ ಹತ್ತಿಗೆ ಬೆಂಕಿ ಇಟ್ಟದ್ದು ನಿಮ್ಮ ಊರಿನ ಹಿರಿಯರಿಗೆ ನೆನಪಿರುತ್ತದೆ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ತಡೆ ಹಾಕಿತು. ಸಾಸಿವೆಯದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2024ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು. ಹಾಗಾಗಿ ಯಾರಾದರೂ ಮನೆ ಬಾಗಿಲಿಗೆ ಬಂದು ಕುಲಾಂತರಿ ವಿಟಮಿನ್ ಭತ್ತದ ಬೀಜ ಅಂತ ಮಾರಿದರೆ ದುಡ್ಡು ಕೊಡಬೇಡಿ. ಒಂದೋ ಅದು ಸುಳ್ಳು, ಇಲ್ಲವೇ ಕಾನೂನುಬಾಹಿರ.

ನಿಮ್ಮ ಮಗ ಓದುವವನು, ಅವನಿಗೆ ಇನ್ನೊಂದು ಹೇಳಿ. ಬೇರೆ ಕುಲದ ಜೀನ್ ತಾರದೆ, ಗಿಡದ್ದೇ ಜೀನಿನಲ್ಲಿ ಒಂದೆರಡು ಅಕ್ಷರ ತಿದ್ದುವ ವಿದ್ಯೆ ಈಗ ಬಂದಿದೆ. ಜೀನ್ ಎಡಿಟಿಂಗ್ ಅನ್ನುತ್ತಾರೆ. ಅಂಥ ಬೆಳೆಗಳಿಗೆ 2022ರಲ್ಲಿ ನಮ್ಮ ಸರ್ಕಾರ ಕುಲಾಂತರಿ ನಿಯಮಗಳ ಕೆಲವು ಭಾಗದಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಇಂಥ ಎರಡು ಭತ್ತದ ತಳಿ ಘೋಷಿಸಿದರು. ಅವು ಇಳುವರಿಗೆ, ಬರ ಮತ್ತು ಚೌಳು ತಡೆಯುವುದಕ್ಕೆ ಮಾಡಿದವು, ಪೋಷಕಾಂಶಕ್ಕಲ್ಲ. ಜಪಾನಿನಲ್ಲಾದರೆ 2021ರಿಂದಲೇ ಪೋಷಕಾಂಶಕ್ಕಾಗಿ ತಿದ್ದಿದ ಟೊಮೆಟೊ ಮಾರುತ್ತಿದ್ದಾರೆ. ಮುಂದಿನ ದಿನಗಳಲ್ಲಿ ನಮ್ಮಲ್ಲೂ ಈ ದಾರಿಯಿಂದಲೇ ಪೋಷಕಾಂಶದ ತಳಿಗಳು ಬರುತ್ತವೆ ಎಂಬುದು ನನ್ನ ಅಂದಾಜು.

ಬಂದರೂ ರೈತ ಯಾಕೆ ಬೆಳೆಯಬೇಕು? ಇದನ್ನು ನನ್ನ ಜೊತೆ ಕೆಲಸ ಮಾಡಿದವರಿಗೆ ಎಷ್ಟು ಸಲ ಕೇಳಿದ್ದೇನೋ. ಬಿಟಿ ಹತ್ತಿಯಲ್ಲಿ ಔಷಧಿ ಖರ್ಚು ಉಳಿಯುತ್ತದೆ ಎಂದು ರೈತ ಬೀಜ ಕೊಂಡ. ಸತು ಜಾಸ್ತಿ ಇರುವ ಭತ್ತಕ್ಕೆ ಬೆಂಬಲ ಬೆಲೆ ಒಂದು ರೂಪಾಯಿಯೂ ಹೆಚ್ಚಿಲ್ಲ. ಸತು ಕಣ್ಣಿಗೆ ಕಾಣುವುದಿಲ್ಲ. ರೈಸ್ ಮಿಲ್ಲಿನಲ್ಲಿ ಎಲ್ಲ ಭತ್ತದ ಜೊತೆ ಬೆರೆತು ಹೋಗುತ್ತದೆ. ಅದಕ್ಕೇ ನಿಮಗೆ ಹೇಳುತ್ತೇನೆ, ಮಾರುವುದಕ್ಕೆ ನಿಮಗೆ ಒಗ್ಗಿದ ತಳಿಯನ್ನೇ ನಾಟಿ ಮಾಡಿ. ಊಟಕ್ಕೆ ಎಂದು ಹತ್ತು ಗುಂಟೆ ಬೇರೆ ಇಟ್ಟು ಅಲ್ಲಿ ಸತುವಿನ ತಳಿ ಹಾಕಿ ನೋಡಿ. ಆ ಭತ್ತವನ್ನು ಮಿಲ್ ಮಾಡಿಸುವಾಗ ಬೆಳ್ಳಗೆ ಹೊಳೆಯುವಷ್ಟು ಪಾಲಿಶ್ ಬೇಡ ಅಂತ ಹೇಳಿ. ಯಾವ ಜೀನೂ ಬೇಕಿಲ್ಲದ ಪೋಷಕಾಂಶ ಅದು.

ಈಗ ಮಗಳ ತಟ್ಟೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತ ಕಮ್ಮಿ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂದರೆ ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು. ಆ ಒಬ್ಬರಲ್ಲಿ ನಾನೂ ಇದ್ದೆ. ಬಾಣಂತಿಯಾಗಿದ್ದಾಗ ನನ್ನ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಧಾನ್ಯಗಳ ಕಬ್ಬಿಣ ಅಳೆಯುವುದೇ ನನ್ನ ಕೆಲಸವಾಗಿತ್ತು. ಮನೆಯಲ್ಲಿ ಮುದ್ದೆ, ಸೊಪ್ಪು ಎಲ್ಲ ಇತ್ತು. ಆದರೆ ಊಟ ಮುಗಿದ ತಕ್ಷಣ ಒಂದು ಲೋಟ ಕಾಫಿ ಬೇಕಿತ್ತು, ದಿನಕ್ಕೆ ಎರಡು ಹೊತ್ತು. ಕಾಫಿ, ಟೀಯಲ್ಲಿರುವ ಅಂಶ ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆ ತೆಗೆದುಕೊಂಡು, ಊಟದ ನಂತರದ ಆ ಕಾಫಿಯನ್ನೂ ಎರಡು ಗಂಟೆ ಮುಂದೆ ಹಾಕಿದ ಮೇಲೆ ಚೇತರಿಸಿಕೊಂಡೆ. ತಟ್ಟೆಯಲ್ಲಿ ಎಷ್ಟಿದೆ ಎಂಬುದಕ್ಕಿಂತ ಮೈಗೆ ಎಷ್ಟು ಸೇರಿತು ಎಂಬುದನ್ನು ಅಂದಿನಿಂದ ಮೊದಲು ಕೇಳುತ್ತೇನೆ.

ರಾಗಿಯೂ ಹಾಗೇ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಕಬ್ಬಿಣವೂ ಅಕ್ಕಿಗಿಂತ ಎಷ್ಟೋ ಜಾಸ್ತಿ. ಆದರೆ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕಿರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಆ ಕಟ್ಟು ಸಡಿಲವಾಗುತ್ತದೆ. ಮಗುವಿನ ರಾಗಿ ಸರಿಗೆ ನಮ್ಮ ಅಜ್ಜಿಯರು ಮೊಳಕೆ ರಾಗಿಯನ್ನೇ ಆರಿಸಿಕೊಂಡದ್ದು ಎಷ್ಟು ಸರಿ ಇತ್ತು ನೋಡಿ. ಮುದ್ದೆಗೆ ಉಪ್ಸಾರು ಮಾಡಿದ ದಿನ ಸೊಪ್ಪಿನ ಪಲ್ಯದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ನಿಂಬೆಯಲ್ಲಿರುವ ಸಿ ವಿಟಮಿನ್ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ನೆಲ್ಲಿಕಾಯಿ ಚಟ್ನಿಯೂ ಆದೀತು. ಮನೆ ಹಿತ್ತಲಲ್ಲಿ ನುಗ್ಗೆ ಇದ್ದರೆ ವಾರಕ್ಕೆರಡು ಸಲ ಸೊಪ್ಪು ಬಳಸಿ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 17 ಸಾವಿರ ಮೈಕ್ರೊಗ್ರಾಂಗೂ ಜಾಸ್ತಿ ಬೀಟಾ ಕ್ಯಾರೊಟಿನ್ ಇದೆ. ಸೊಪ್ಪಿನಿಂದ ಅದು ಗೋಲ್ಡನ್ ರೈಸಿನಷ್ಟು ಸುಲಭವಾಗಿ ಮೈಗೆ ಸೇರುವುದಿಲ್ಲ, ಅದನ್ನೂ ಹೇಳಬೇಕು. ಒಗ್ಗರಣೆಗೆ ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿದರೆ ಅಷ್ಟರ ಮಟ್ಟಿಗೆ ಒಳ್ಳೆಯದು. ಎ ವಿಟಮಿನ್ ಸೇರಲು ಜಿಡ್ಡು ಬೇಕು. ತಿನ್ನುವ ಮನೆಯಾದರೆ ಮೊಟ್ಟೆ, ಮೀನು, ಈಲಿ (ಲಿವರ್) ಕೊಡಿ. ಅದರಲ್ಲೂ ಈಲಿಯ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ.

ಇಷ್ಟೆಲ್ಲ ಮಾಡಿದರೂ 9.2 ಇರುವುದು 12ಕ್ಕೆ ಏರಲು ಮಾತ್ರೆ ಬೇಕೇ ಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಅದು ರಕ್ತ ಕಮ್ಮಿಯಾಗದಿರಲಿ ಎಂದು ಕೊಡುವುದು. ಕಮ್ಮಿಯಾದ ಮೇಲೆ ಎಷ್ಟು, ಎಷ್ಟು ದಿನ ಎಂದು ವೈದ್ಯರೇ ಹೇಳಬೇಕು. ಜಂತುಹುಳುವಿನ ಮಾತ್ರೆ ಈ ವರ್ಷ ಕೊಟ್ಟಿದ್ದಾರಾ ಕೇಳಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆಯಾ ಎಂದು ಅವಳನ್ನೇ ಕೇಳಿ ತಿಳಿದುಕೊಂಡು ವೈದ್ಯರಿಗೆ ಹೇಳಿ. ಮಾತ್ರೆ ತಿಂದೂ ಏರದಿದ್ದರೆ ಬಿ12 ಕೊರತೆ ಇರಬಹುದು, ಹುಟ್ಟಿನಿಂದ ಬಂದ ರಕ್ತದ ತೊಂದರೆಯೂ ಇರಬಹುದು. ಅದಕ್ಕೆ ಬೇರೆ ಪರೀಕ್ಷೆ ಮಾಡಿಸಬೇಕು. ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳೆಸಿದ ಹಾಗೆ ಆಗಬಹುದು. ಎಷ್ಟೋ ಹುಡುಗಿಯರು ಅದಕ್ಕೇ ಗುಟ್ಟಾಗಿ ಬಿಸಾಡುತ್ತಾರೆ. ರಾತ್ರಿ ಊಟ ಆದ ಮೇಲೆ ನಿಮ್ಮ ಕಣ್ಣೆದುರೇ ನುಂಗಲಿ.

ಒಂದು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಎಷ್ಟು ಬಂತು ಅಂತ ನನಗೂ ಬರೆದು ತಿಳಿಸಿ.